ಒಂದು ಸಲದ ದೀಕ್ಷಾಸ್ನಾನ ಸಾಲದೇ? ಹಳೇ ಜಗಳದ ಹಿನ್ನೆಲೆ

ಕೋಲಾರ, ಕೆಜಿಎಫ್, ಬಂಗಾರಪೇಟೆ ಕಡೆಯ ಕ್ರೈಸ್ತ ಮನೆಗಳಲ್ಲಿ ಒಂದು ಜಗಳ ಆಗಾಗ ಏಳುತ್ತದೆ. ಮೆಥೋಡಿಸ್ಟ್ ಸಭೆಯಲ್ಲೋ, ಕ್ಯಾಥೋಲಿಕ್ ಚರ್ಚಿನಲ್ಲೋ ಬೆಳೆದ ಹುಡುಗ ಕೆಲಸಕ್ಕೆಂದು ದಿನಾ ಬೆಂಗಳೂರಿನ ಟ್ರೇನು ಹತ್ತುತ್ತಾನೆ. ಗೆಳೆಯರ ಜೊತೆ, ತಾನೇ ನಂಬಿ ಕೇಳಿದವರಿಗಷ್ಟೇ ದೀಕ್ಷಾಸ್ನಾನ ಕೊಡುವ ಪೆಂತೆಕೊಸ್ತ್ ಕೂಟಕ್ಕೆ ಹೋಗಲು ಶುರು ಮಾಡುತ್ತಾನೆ. ಒಂದು ಭಾನುವಾರ ಮನೆಗೆ ಬಂದು 'ನಾನು ದೀಕ್ಷಾಸ್ನಾನ ತಗೊಂಡೆ' ಅನ್ನುತ್ತಾನೆ. 'ನೀನು ಮಗುವಾಗಿದ್ದಾಗಲೇ ಆಗಿದೆಯಲ್ಲೋ' ಎಂದರೆ, 'ಅದು ಲೆಕ್ಕಕ್ಕಿಲ್ಲಮ್ಮ, ನನಗೆ ಗೊತ್ತೇ ಇರಲಿಲ್ಲ' ಎಂಬ ಉತ್ತರ. ತಾಯಿಗೆ ಅದು ತನ್ನ ಇಡೀ ನಂಬಿಕೆಯನ್ನೇ ತಳ್ಳಿಹಾಕಿದಂತೆ ಕೇಳುತ್ತದೆ.

ಈ ಜಗಳ ನಮ್ಮ ಕಾಲದ್ದಲ್ಲ. ಹತ್ತಿರ ಹತ್ತಿರ 1,800 ವರ್ಷ ಹಳೆಯದು.

ಮೊದಲು ದೀಕ್ಷಾಸ್ನಾನ ಅಂದರೆ ಏನು ಅಂತ ನೋಡೋಣ. ನೀರಿನಿಂದ ಒಬ್ಬರನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿ ಇದು, ಇಂಗ್ಲಿಷಿನಲ್ಲಿ ಬ್ಯಾಪ್ಟಿಸಂ. ಕ್ಯಾಥೋಲಿಕರು ಇದನ್ನೇ ಜ್ಞಾನಸ್ನಾನ ಅನ್ನುತ್ತಾರೆ. ಯೇಸು ಯೊರ್ದನ್ ಹೊಳೆಯಲ್ಲಿ ಯೋಹಾನನ ಕೈಯಿಂದ ಸ್ನಾನ ಪಡೆದರು. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಎಲ್ಲ ಜನರಿಗೂ ಇದನ್ನು ಮಾಡಿಸಿ ಎಂದು ಶಿಷ್ಯರಿಗೆ ಹೇಳಿದ್ದು ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಇದರ ಅರ್ಥ ಬಿಡಿಸಿದ್ದಾನೆ. ನೀರಿಗೆ ಇಳಿಯುವುದು ಎಂದರೆ ಕ್ರಿಸ್ತನ ಜೊತೆ ಸತ್ತು ಹೂಳಲ್ಪಡುವುದು. ಮೇಲೆ ಬರುವುದು ಎಂದರೆ ಅವರ ಜೊತೆ ಹೊಸ ಬಾಳಿಗೆ ಏಳುವುದು. ಪಾಪದ ಕ್ಷಮೆ, ಸಭೆಯ ಬಳಗಕ್ಕೆ ಸೇರುವುದು, ಪವಿತ್ರಾತ್ಮನ ವರ ಎಲ್ಲವೂ ಇದರೊಳಗೇ ಬರುತ್ತವೆ. ಸುಮ್ನೆ ಹೆಸರಿಡುವ ಶಾಸ್ತ್ರ ಅಂದುಕೊಂಡವರು ನಮ್ಮಲ್ಲಿ ಜಾಸ್ತಿ ಇದ್ದಾರೆ. ನನಗೆ ಅದೇ ದೊಡ್ಡ ಬೇಸರ.

ಎಷ್ಟು ನೀರು ಬೇಕು ಎಂಬ ಮಾತನ್ನು ಬೇಗ ಮುಗಿಸಬಹುದು. ಮೊದಲ ಶತಮಾನದ ಕೊನೆಯ ಹೊತ್ತಿನದು ಎಂದು ಹಲವು ವಿದ್ವಾಂಸರು ಹೇಳುವ 'ದಿದಾಖೆ' ಎಂಬ ಪುಟ್ಟ ಗ್ರಂಥದಲ್ಲಿ ಇದಕ್ಕೆ ಉತ್ತರ ಇದೆ. ಹರಿಯುವ ನೀರಿದ್ದರೆ ಅದರಲ್ಲಿ ಮಾಡಿಸಿ. ಇಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬಿಸಿನೀರು. ಅದೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. ಪಾಲಾರ್ ನದಿ ಹೆಸರಿಗಷ್ಟೇ ಇರುವ, ಬೋರ್‌ವೆಲ್ ನಂಬಿ ಬದುಕುವ ನಮ್ಮ ಜಿಲ್ಲೆಗೆ ಈ ಮಾತು ಎಷ್ಟು ಹೊಂದುತ್ತದೆ ಅಲ್ವಾ? ನೀರಿನ ಅಳತೆಗೆ ಹೊಡೆದಾಡಬೇಡಿ ಎಂದು ಮೊದಲ ತಲೆಮಾರುಗಳೇ ಹೇಳಿಬಿಟ್ಟಿವೆ.

ಆದರೆ ಮಕ್ಕಳ ವಿಷಯ ಅಷ್ಟು ಸುಲಭ ಇಲ್ಲ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಕೂಸಿಗೆ ಸ್ನಾನ ಮಾಡಿಸಿದರು ಎಂದು ನೇರವಾಗಿ ಎಲ್ಲೂ ಇಲ್ಲ. ಫಿಲಿಪ್ಪಿಯಲ್ಲಿ ಲುದ್ಯಳ ಮನೆಯವರೆಲ್ಲ, ಸೆರೆಮನೆಯ ಅಧಿಕಾರಿಯ ಮನೆಯವರೆಲ್ಲ ಸ್ನಾನ ಪಡೆದರು ಎಂದಿದೆ. ಆ ಮನೆಗಳಲ್ಲಿ ಮಕ್ಕಳಿದ್ದರೋ ಇಲ್ಲವೋ, ಎರಡೂ ಕಡೆಯವರು ತಮಗೆ ಬೇಕಾದಂತೆ ಓದುತ್ತಾರೆ. ಸುಮಾರು 200ರ ಹೊತ್ತಿಗೆ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್, ಮಕ್ಕಳಿಗೆ ಇಷ್ಟು ಅವಸರ ಯಾಕೆ, ದೊಡ್ಡವರಾಗಲಿ ಎಂದು ಬರೆದ. ಬೇಡ ಎಂದು ಆತ ಬರೆದದ್ದರಿಂದಲೇ, ಆಗಲೇ ಮಕ್ಕಳಿಗೆ ಮಾಡಿಸುತ್ತಿದ್ದರು ಎಂದು ನಮಗೆ ತಿಳಿಯುತ್ತದೆ.

ಮತ್ತೊಮ್ಮೆ ಸ್ನಾನ ಮಾಡಿಸಬಹುದೇ ಎಂಬ ಜಗಳವೂ ಅದೇ ಕಾರ್ಥೇಜಿನಲ್ಲಿ ಜೋರಾಗಿ ಎದ್ದಿತು. ದಾರಿ ತಪ್ಪಿದ ಪಂಗಡಗಳಲ್ಲಿ ಸ್ನಾನ ಪಡೆದವರು ಸಭೆಗೆ ಬಂದರೆ ಹೊಸದಾಗಿ ಮಾಡಿಸಲೇಬೇಕು ಎಂದ ಬಿಷಪ್ ಸಿಪ್ರಿಯನ್. ಬೇಡ, ಕೈ ಇಟ್ಟು ಸೇರಿಸಿಕೊಂಡರೆ ಸಾಕು ಎಂದರು ರೋಮಿನ ಪೋಪ್ ಸ್ಟೀಫನ್. ಇದು 255-256ರ ಮಾತು. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸತೊಡಗಿದಾಗ ಜೀವಭಯದಿಂದ ಕೆಲವು ಗುರುಗಳು ಪವಿತ್ರ ಗ್ರಂಥಗಳನ್ನು ಸೈನಿಕರಿಗೆ ಒಪ್ಪಿಸಿಬಿಟ್ಟರು. ಅಂಥವರ ಕೈಯಿಂದ ಆದ ಸ್ನಾನ ಸ್ನಾನವೇ ಅಲ್ಲ ಎಂದು ಉತ್ತರ ಆಫ್ರಿಕಾದ ಡೊನಾಟಿಸ್ಟರು ಎಂಬ ಪಂಗಡದವರು ಹಟ ಹಿಡಿದರು. 314ರಲ್ಲಿ ಇಂದಿನ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ಸೇರಿದ ಬಿಷಪ್ಪರ ಕೂಟ ಡೊನಾಟಿಸ್ಟರ ವಿರುದ್ಧ ತೀರ್ಮಾನ ಕೊಟ್ಟಿತು: ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ಹೆಸರಿನಲ್ಲಿ ಆಗಿದ್ದರೆ ಮತ್ತೆ ಬೇಡ. ಮುಂದೆ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಇದಕ್ಕೆ ಗಟ್ಟಿ ಕಾರಣ ಕೊಟ್ಟ. ಸ್ನಾನ ಮಾಡಿಸುವ ಗುರು ಎಂಥವನೇ ಇರಲಿ, ಸ್ನಾನ ಕ್ರಿಸ್ತನದು. ಗುರುವಿನ ದೋಷ ಅದನ್ನು ಕೆಡಿಸಲಾರದು.

ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಮಾಧಾನದ ಮಾತು ಇಲ್ಲ. ನಮಗೆ ಸ್ನಾನ ಮಾಡಿಸಿದವರು ಆಮೇಲೆ ಹೇಗೆ ಬದುಕಿದರು ಎಂದು ನಾವು ಯಾರೂ ಹೆದರಬೇಕಾಗಿಲ್ಲ.

ಇದೇ ಅಗಸ್ಟೀನನಿಗೆ ಸ್ನಾನ ಆದದ್ದು 387ರಲ್ಲಿ, ಮಿಲಾನಿನಲ್ಲಿ, ಬಿಷಪ್ ಅಂಬ್ರೋಸನ ಕೈಯಿಂದ. ಆಗ ಅವನಿಗೆ ಮೂವತ್ತು ದಾಟಿತ್ತು. ಸ್ನಾನದ ನಂತರ ಪಾಪ ಮಾಡಿದರೆ ಏನು ಗತಿ ಎಂಬ ಹೆದರಿಕೆಯಿಂದ ಮುಂದೂಡುತ್ತಿದ್ದ ಕಾಲ ಅದು. ಚಕ್ರವರ್ತಿ ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಹೊತ್ತಿಗೆ ಪಡೆದ. ಮನುಷ್ಯ ಹುಟ್ಟುತ್ತಲೇ ಜನ್ಮಪಾಪ ಹೊತ್ತಿರುತ್ತಾನೆ, ಕೂಸಿಗೂ ಕೃಪೆ ಬೇಕು ಎಂದು ಅಗಸ್ಟೀನ್ ಬೋಧಿಸಿದ ಮೇಲೆ ಪಶ್ಚಿಮದ ಸಭೆಗಳಲ್ಲಿ ಮಕ್ಕಳ ಸ್ನಾನವೇ ರೂಢಿಯಾಯಿತು.

ಸಾವಿರ ವರ್ಷ ಕಳೆದ ಮೇಲೆ, 1525ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನ ಕೆಲವರು ಒಂದು ಮನೆಯಲ್ಲಿ ಸೇರಿ ಒಬ್ಬರಿಗೊಬ್ಬರು ಹೊಸದಾಗಿ ಸ್ನಾನ ಮಾಡಿಸಿಕೊಂಡರು. ನಂಬಿಕೆ ಇಲ್ಲದೆ ಸ್ನಾನ ಇಲ್ಲ ಎಂಬುದು ಅವರ ವಾದ. ಮಗುವಿಗೆ ನಂಬಿಕೆ ಎಲ್ಲಿಯದು? ಊರಿನ ಆಡಳಿತ ಇದನ್ನು ಬಂಡಾಯ ಎಂದು ತೆಗೆದುಕೊಂಡಿತು. 1527ರ ಜನವರಿಯಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್ ಎಂಬಾತನನ್ನು ಕೈಕಾಲು ಕಟ್ಟಿ ಲಿಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಸ್ನಾನದ ಹೆಸರಿನಲ್ಲಿ ಕ್ರೈಸ್ತರೇ ಕ್ರೈಸ್ತರನ್ನು ಕೊಂದ ಈ ಪಾಪ ನಮ್ಮ ಪಾಠಗಳಲ್ಲಿ ಬರಬೇಕು. ಮಕ್ಕಳ ಸ್ನಾನವನ್ನು ಒಪ್ಪುವ ನನ್ನಂಥವರು ಇದನ್ನು ಮರೆಯಬಾರದು. ನಂಬಿದವರಿಗಷ್ಟೇ ಸ್ನಾನ ಎಂಬ ಅದೇ ವಾದದಿಂದ 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬ್ಯಾಪ್ಟಿಸ್ಟ್ ಸಭೆ ಹುಟ್ಟಿತು. 1906ರಲ್ಲಿ ಲಾಸ್ ಏಂಜಲೀಸಿನ ಅಜುಸಾ ಬೀದಿಯಿಂದ ಪೆಂತೆಕೊಸ್ತ್ ಅಲೆ ಎದ್ದಿತು.

ನಮ್ಮ ಕಡೆಗೆ ಬಂದ ದೊಡ್ಡ ಮಿಷನ್‌ಗಳೆಲ್ಲ ಮಕ್ಕಳಿಗೆ ಸ್ನಾನ ಮಾಡಿಸುವವೇ. ತುಮಕೂರು, ಗುಬ್ಬಿಯಲ್ಲಿ ವೆಸ್ಲಿಯನ್ನರು ಎನಿಸಿಕೊಂಡ ಬ್ರಿಟನ್ನಿನ ಮೆಥೋಡಿಸ್ಟರು, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್, ಕೋಲಾರದಲ್ಲಿ ಅಮೆರಿಕದ ಮೆಥೋಡಿಸ್ಟರು, ಚಿನ್ನದ ಗಣಿಯ ಲೈನುಗಳಲ್ಲಿ ಕ್ಯಾಥೋಲಿಕರು. 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಹುಟ್ಟಿದಾಗ ಮೊದಲಿನ ಎರಡು ಅದರಲ್ಲಿ ಸೇರಿದವು, ಕೋಲಾರದ ಮೆಥೋಡಿಸ್ಟರು ಬೇರೆಯೇ ಉಳಿದರು. ಆದರೂ ಒಬ್ಬರ ಸ್ನಾನವನ್ನು ಇನ್ನೊಬ್ಬರು ಪ್ರಶ್ನೆ ಮಾಡುವ ಅಗತ್ಯ ಇರಲಿಲ್ಲ. ಪೆಂತೆಕೊಸ್ತ್ ಕೂಟಗಳು ಹೆಚ್ಚಿದ ಮೇಲೆ ಜ್ಯೂರಿಕ್ಕಿನ ಪ್ರಶ್ನೆ ನಮ್ಮ ಅಡುಗೆಮನೆಗೆ ಬಂತು.

ಎರಡನ್ನೂ ಹತ್ತಿರದಿಂದ ನೋಡಿದವರಿಗೆ ಯಾವುದನ್ನೂ ಹಗುರ ಮಾಡಲು ಮನಸ್ಸು ಬರುವುದಿಲ್ಲ. ಕ್ಯಾಥೋಲಿಕ್ ಚರ್ಚಿನಲ್ಲಿ ಗುರುಗಳು ಮಗುವಿನ ಹಣೆಗೆ ಶಿಲುಬೆಯ ಗುರುತು ಹಾಕುತ್ತಾರೆ. ಮೂರು ಸಲ ನೀರು ಸುರಿದು, ನೆತ್ತಿಗೆ ಪವಿತ್ರ ತೈಲ ಹಚ್ಚುತ್ತಾರೆ. ಬಿಳಿ ಬಟ್ಟೆ ಹೊದಿಸುತ್ತಾರೆ. ಈಸ್ಟರ್ ದೊಡ್ಡ ಮೊಂಬತ್ತಿಯಿಂದ ಹಚ್ಚಿದ ಪುಟ್ಟ ಮೊಂಬತ್ತಿಯನ್ನು ತಂದೆಯ ಕೈಗೋ ಜ್ಞಾನತಂದೆಯ ಕೈಗೋ ಕೊಡುತ್ತಾರೆ. ಇನ್ನೊಂದು ಕಡೆ ಕೃಷಿ ಹೊಂಡದಲ್ಲೋ ಸಿಮೆಂಟ್ ತೊಟ್ಟಿಯಲ್ಲೋ ಸೊಂಟದ ಮಟ್ಟದ ನೀರು. ಬಿಳಿ ಬಟ್ಟೆಯ ಹುಡುಗಿ ಎದೆಯ ಮೇಲೆ ಕೈ ಕಟ್ಟಿ ನಿಲ್ಲುತ್ತಾಳೆ. ಪಾಸ್ಟರ್ ಕೇಳಿದ್ದಕ್ಕೆ 'ನಂಬುತ್ತೇನೆ' ಅನ್ನುತ್ತಾಳೆ. ಬೆನ್ನಿಗೆ ಕೈ ಕೊಟ್ಟು ಹಿಂದಕ್ಕೆ ಮುಳುಗಿಸಿ ಎತ್ತುತ್ತಾರೆ. ದಡದಲ್ಲಿ ಹಾಡು, ಚಪ್ಪಾಳೆ. ಪೌಲ ಹೇಳಿದ ಹೂಳುವಿಕೆ ಇಲ್ಲಿ ಕಣ್ಣಿಗೇ ಕಾಣುತ್ತದೆ. ನಾವು ಕೇಳುವ ಮೊದಲೇ ಕೊಡುವ ದೇವರು ಮಗುವಿನ ಸ್ನಾನದಲ್ಲಿ ಕಾಣುತ್ತಾರೆ.

1982ರಲ್ಲಿ ಪೆರು ದೇಶದ ಲೀಮಾದಲ್ಲಿ ಜಾಗತಿಕ ಸಭಾ ಒಕ್ಕೂಟದವರು ಒಪ್ಪಿದ ದಾಖಲೆ ಇಬ್ಬರಿಗೂ ಕಿವಿಮಾತು ಹೇಳಿತು. ಸ್ನಾನ ಮರುಕಳಿಸುವಂಥದ್ದಲ್ಲ. ಹಾಗೆಯೇ ಮಕ್ಕಳಿಗೆ ಮಾಡಿಸುವ ಸಭೆಗಳು ಕಣ್ಣು ಮುಚ್ಚಿಕೊಂಡು ಎಲ್ಲರಿಗೂ ಮಾಡಿಸಿ ಕೈ ತೊಳೆದುಕೊಳ್ಳಬಾರದು, ಅವರನ್ನು ನಂಬಿಕೆಯಲ್ಲಿ ಬೆಳೆಸಬೇಕು. ನಮ್ಮ ತಪ್ಪು ಈ ಎರಡನೆಯದರಲ್ಲೇ ಇದೆ. ಬೆಳೆದ ಮೇಲೆ ತನ್ನ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ದೃಢೀಕರಣದ ತರಗತಿಯಲ್ಲಿ ಬಾಯಿಪಾಠ ಒಪ್ಪಿಸಿ ಮುಗಿಸಿದ ಹುಡುಗನಿಗೆ ತನ್ನ ಸ್ನಾನ ನೆನಪಿಗೆ ಬರುವುದಾದರೂ ಹೇಗೆ?

ಇದು ಕೊನೆಗೆ ಹೆಚ್ಚಾಗಿ ಬಿಗಡಾಯಿಸುವುದು ಮದುವೆಯಲ್ಲಿ. ಪೆಂತೆಕೊಸ್ತ್ ಮನೆಯ ಹುಡುಗಿ ಮೆಥೋಡಿಸ್ಟ್ ಮನೆಗೆ ಸೊಸೆಯಾಗಿ ಬಂದರೆ, ತ್ರಿಯೇಕ ದೇವರ ಹೆಸರಿನಲ್ಲಿ ಸ್ನಾನ ಆಗಿದೆಯೇ ಎಂದಷ್ಟೇ ಕೇಳುತ್ತಾರೆ. ಆಗಿದ್ದರೆ ಮತ್ತೆ ನೀರಿನ ಮಾತಿಲ್ಲ. ಈ ಕಡೆಯ ಹುಡುಗಿ ಆ ಕಡೆ ಹೋದರೆ ಎಷ್ಟೋ ಕಡೆ ಮೊದಲು ಮುಳುಗಿ ಬಾ ಎಂಬ ಷರತ್ತು. ಮಾತುಕತೆಗೆ ಕೂರುವ ದಿನವೇ ಎರಡೂ ಸಭೆಯವರನ್ನು ಕರೆದು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಆ ಹುಡುಗಿಯ ಅಪ್ಪ ಅಮ್ಮನೂ ಅಲ್ಲಿ ಇರಲಿ, ಅವತ್ತು ಮಗುವನ್ನು ಎತ್ತಿಕೊಂಡು ಮಾತು ಕೊಟ್ಟವರು ಅವರೇ.