ಕನ್ನಂಬಾಡಿ ತುಂಬುವ ಮುಂಚೆಯೇ ಹೊಳೆಗೆ ನೀರು ಬಿಡಬಾರದೇಕೆ?

ಓದುಗರ ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣದ ಕೆಳಗೆ ಹೊಳೆದಂಡೆಯ ಜಮೀನು. ಕೆಆರ್‌ಎಸ್ (ಕನ್ನಂಬಾಡಿ ಕಟ್ಟೆ) ಪೂರ್ತಿ ತುಂಬುವ ತನಕ ಸುಮ್ಮನಿದ್ದು, ಆಮೇಲೆ ಒಂದೆರಡು ದಿನದಲ್ಲೇ ಲಕ್ಷ ಕ್ಯೂಸೆಕ್ ಬಿಡುತ್ತಾರೆ. ಗದ್ದೆ ಮುಳುಗುತ್ತದೆ, ಮೋಟಾರು ಹಾಳಾಗುತ್ತದೆ. ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಬಿಡಬಾರದೇಕೆ? ಇಲ್ಲವೇ ಆ ನೀರನ್ನೆಲ್ಲ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ತಿರುಗಿಸಿ ಕೆರೆ ತುಂಬಿಸಬಾರದೇಕೆ? ನೀರಾವರಿ ನಿಗಮ ಇರುವುದು ಅದಕ್ಕೇ ಅಲ್ಲವೇ?

ಉತ್ತರ: ನಾಲೆಗೆ ತಿರುಗಿಸಿ ಪ್ರವಾಹ ತಗ್ಗಿಸುವುದು ಆಗದ ಮಾತು. ಮೊದಲೇ ಸ್ವಲ್ಪ ಬಿಡುವುದು ಆಗುವ ಮಾತು, ಆದರೆ ಅದಕ್ಕೊಂದು ಮಿತಿಯಿದೆ. ಎರಡಕ್ಕೂ ಕಾರಣ ಲೆಕ್ಕದಲ್ಲೇ ಇದೆ.

ಮೊದಲು ನಾಲೆಯ ವಿಚಾರ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ದಿನವಿಡೀ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಕೆಆರ್‌ಎಸ್‌ನ ಎಡದಂಡೆ, ಬಲದಂಡೆ, ವರುಣಾ, ವಿಶ್ವೇಶ್ವರಯ್ಯ ನಾಲೆಗಳನ್ನೆಲ್ಲ ಒಟ್ಟಿಗೆ ತೆರೆದರೂ ಹೊರಗೆ ಹೋಗುವುದು ಹತ್ತು ಸಾವಿರ ಕ್ಯೂಸೆಕ್ಕಿಗಿಂತ ಎಷ್ಟೋ ಕಡಿಮೆ. ವಿ.ಸಿ. ನಾಲೆಯ ನೀರು ಮಂಡ್ಯದ ಕಡೆಗೆ ಬರಬೇಕಾದರೆ ಹುಲಿಕೆರೆ ಸುರಂಗವನ್ನು ದಾಟಲೇಬೇಕು. ಸುರಂಗದ ಬಾಯಿ ಎಷ್ಟು ಅಗಲವೋ ಅಷ್ಟೇ ನೀರು. ಹೊಳೆಯಲ್ಲಿ ಎಷ್ಟೇ ಪ್ರವಾಹ ಬಂದರೂ ಅದು ಹಿಗ್ಗುವುದಿಲ್ಲ.

ಇನ್ನೊಂದು ತೊಡಕಿದೆ. ಕೊಡಗಿನಲ್ಲಿ ಜೋರು ಮಳೆಯಾಗುವ ಹೊತ್ತಿಗೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯೂ ಮಳೆ ಹಿಡಿದಿದ್ದರೆ ರೈತರು ತೂಬು ಮುಚ್ಚಿಬಿಡುತ್ತಾರೆ, ಗದ್ದೆಗೆ ನೀರು ಬೇಡ. ಮೇಲೆ ಬಿಟ್ಟ ನೀರು ಮಧ್ಯದಲ್ಲಿ ಎಲ್ಲೂ ಖರ್ಚಾಗದೆ ನಾಲೆಯ ಕೊನೆ ಭಾಗಕ್ಕೆ ಬಂದು ನಿಲ್ಲುತ್ತದೆ. ಜೊತೆಗೆ ದಿಬ್ಬದ ಮಳೆನೀರೂ ನಾಲೆಗೇ ಇಳಿಯುತ್ತದೆ. ಏರಿ ಒಡೆಯುವುದು ಆಗಲೇ. ಆದ್ದರಿಂದಲೇ ಊರಲ್ಲಿ ಮಳೆ ಜೋರಾದ ಕೂಡಲೇ ನಿಗಮದವರು ನಾಲೆಯ ನೀರನ್ನು ಕಡಿಮೆ ಮಾಡುತ್ತಾರೆ, ಹೆಚ್ಚಾದದ್ದನ್ನು ಎಸ್ಕೇಪ್ ಗೇಟಿನಿಂದ ಹಳ್ಳಕ್ಕೆ ಇಳಿಸುತ್ತಾರೆ. ಹೊಳೆ ತುಂಬಿ ಹರಿಯುವಾಗ ನಾಲೆ ಅರ್ಧ ಖಾಲಿ ಇದೆಯಲ್ಲ ಎಂದು ಸಿಟ್ಟಾಗುವವರು ಈ ಕಾರಣವನ್ನು ಗಮನಿಸಬೇಕು. ಕೊನೆ ಭಾಗದ ಕೆರೆಗಳನ್ನು ತುಂಬಿಸುವುದು ಒಳ್ಳೆಯ ಕೆಲಸವೇ. ಅದನ್ನು ಮಳೆ ಬಿಡುವು ಕೊಟ್ಟ ವಾರಗಳಲ್ಲಿ ಮಾಡಬೇಕು, ಪ್ರವಾಹದ ರಾತ್ರಿಯಲ್ಲಲ್ಲ.

ಬಲಮುರಿ ಅಣೆಯಿಂದ ಹೊರಡುವ ವಿರಿಜಾ ನಾಲೆ, ಚಿಕ್ಕದೇವರಾಯಸಾಗರ ನಾಲೆ, ಬಂಗಾರದೊಡ್ಡಿ ನಾಲೆ ಇವೆಲ್ಲ ಅಣೆಕಟ್ಟೆಗಿಂತ ಹಳೆಯವು, ಮೈಸೂರು ಅರಸರ ಕಾಲದವು. ಹೊಳೆಗೆ ಅಡ್ಡಲಾಗಿ ಕಲ್ಲಿನ ಅಣೆ ಹಾಕಿ ನೀರನ್ನು ಕೆಲವೇ ಅಡಿ ಎತ್ತಿ ಪಕ್ಕಕ್ಕೆ ತಿರುಗಿಸುವ ವ್ಯವಸ್ಥೆ ಅದು. ಅಣೆಯಲ್ಲಿ ನೀರು ಸಂಗ್ರಹವಾಗುವುದಿಲ್ಲ, ಪ್ರವಾಹ ಅದರ ಮೇಲೇ ಹಾರಿಹೋಗುತ್ತದೆ. ಅಂಥ ಹೊತ್ತಲ್ಲಿ ಈ ನಾಲೆಗಳ ತಲೆತೂಬನ್ನು ಮುಚ್ಚದಿದ್ದರೆ ಹೂಳು, ಮರಳು ಒಳಗೆ ನುಗ್ಗಿ ಆಮೇಲೆ ಇಡೀ ಹಂಗಾಮು ನೀರು ಸರಿಯಾಗಿ ಹರಿಯುವುದಿಲ್ಲ.

ಈಗ ಅಸಲು ಪ್ರಶ್ನೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಉದ್ದೇಶ ಎರಡು: 1902ರಿಂದ ನಡೆಯುತ್ತಿದ್ದ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಬೇಸಿಗೆಯಲ್ಲೂ ನೀರು ಸಿಗಬೇಕು, ಮಂಡ್ಯ ಸೀಮೆಗೆ ನೀರಾವರಿ ಆಗಬೇಕು. ಪ್ರವಾಹ ತಡೆಯಲೆಂದು ಕಟ್ಟಿದ ಜಲಾಶಯವಾದರೆ ಮಳೆಗಾಲದಲ್ಲಿ ಮೇಲಿನ ಒಂದಷ್ಟು ಅಡಿಯನ್ನು ಖಾಲಿ ಇಡಲೇಬೇಕೆಂಬ ನಿಯಮ ಇರುತ್ತದೆ. ಇದು ಕೂಡಿಡಲು ಕಟ್ಟಿದ ಜಲಾಶಯ, ತುಂಬುವುದೇ ಇದರ ಕೆಲಸ.

ಗರಿಷ್ಠ ಮಟ್ಟ 124.80 ಅಡಿ, ಆಗ ಸಂಗ್ರಹ 49.45 ಟಿಎಂಸಿ. ತುಂಬಿದಾಗ ನೀರು ಸುಮಾರು 130 ಚದರ ಕಿಲೋಮೀಟರ್ ಹರಡಿರುತ್ತದೆ. ಅಂದರೆ ಮೇಲ್ತುದಿಯಲ್ಲಿ ಒಂದಡಿ ನೀರು ಎಂದರೆ ಸುಮಾರು 1.4 ಟಿಎಂಸಿ. ಈ ಒಂದು ಸಂಖ್ಯೆ ನೆನಪಿದ್ದರೆ ಉಳಿದ ಲೆಕ್ಕವನ್ನು ನೀವೇ ಮಾಡಬಹುದು.

ಜಲಾಶಯ 120 ಅಡಿಯಲ್ಲಿದೆ ಎಂದಿಟ್ಟುಕೊಳ್ಳಿ. ಮೇಲೆ ಉಳಿದ ಜಾಗ ಹೆಚ್ಚುಕಡಿಮೆ 6.5 ಟಿಎಂಸಿ. ಒಳಹರಿವು 1.2 ಲಕ್ಷ ಕ್ಯೂಸೆಕ್ ಇರುವಾಗ ಹೊಳೆಗೆ 70 ಸಾವಿರ ಮಾತ್ರ ಬಿಟ್ಟರೆ, ತಡೆದ 50 ಸಾವಿರ ದಿನಕ್ಕೆ 4.32 ಟಿಎಂಸಿ ಆಗುತ್ತದೆ. ಮಟ್ಟ ಮೂರಡಿ ಏರುತ್ತದೆ, ಎಂಟು ಗಂಟೆಗೆ ಒಂದಡಿಯ ಲೆಕ್ಕ. ಒಂದೂವರೆ ದಿನದಲ್ಲಿ ಜಾಗ ಮುಗಿಯಿತು. ಅಷ್ಟರಲ್ಲಿ ಕೊಡಗಿನ ಮಳೆ ತಗ್ಗಿದರೆ ನಿಮ್ಮ ಗದ್ದೆ ಬಚಾವಾಗುತ್ತದೆ. ಅದೇ 124.80ರಲ್ಲಿ ನಿಂತಿದ್ದರೆ ಬಂದದ್ದನ್ನು ಬಂದ ಹಾಗೇ ಬಿಡಬೇಕು. ಗರಿಷ್ಠ ಮಟ್ಟ ದಾಟಿ ನೀರು ನಿಲ್ಲಿಸಲು ಯಾವ ಎಂಜಿನಿಯರಿಗೂ ಅಧಿಕಾರವಿಲ್ಲ, ಕಟ್ಟೆಯ ಸುರಕ್ಷತೆಯ ಪ್ರಶ್ನೆ ಅದು.

ಹಾಗಾದರೆ ಪ್ರತಿ ವರ್ಷ 120 ಅಡಿಯಲ್ಲೇ ನಿಲ್ಲಿಸಿದರಾಯಿತಲ್ಲ? ಅಲ್ಲೇ ಕಷ್ಟ. ಐದನೇ ಹಂತವೂ ಸೇರಿ ಬೆಂಗಳೂರಿನ ಕಾವೇರಿ ಯೋಜನೆಗಳ ಸಾಮರ್ಥ್ಯ ದಿನಕ್ಕೆ 222.5 ಕೋಟಿ ಲೀಟರ್, ತಿಂಗಳಿಗೆ ಸುಮಾರು 2.4 ಟಿಎಂಸಿ. ನಾವು ಖಾಲಿ ಇಡಿ ಎನ್ನುತ್ತಿರುವ 6.5 ಟಿಎಂಸಿ ಆ ನಗರದ ಎರಡೂವರೆ ತಿಂಗಳಿಗೂ ಹೆಚ್ಚಿನ ಕುಡಿಯುವ ನೀರು. ಮಂಡ್ಯದ ಬೇಸಿಗೆ ಬೆಳೆಗೆ ಕಟ್ಟು ನೀರು (ಸರದಿಯಂತೆ ಬಿಡುವ ನೀರು) ಕೊಡಬೇಕೇ ಬೇಡವೇ ಎಂಬುದೂ ಇಷ್ಟೇ ನೀರಿನ ಮೇಲೆ ನಿಂತಿರುತ್ತದೆ. 2023ರಲ್ಲಿ ಜಲಾಶಯ ತುಂಬಲೇ ಇಲ್ಲ. ಮರುವರ್ಷ ಜುಲೈ ಕೊನೆಗೆ ತುಂಬಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು. 2025ರಲ್ಲಿ ಜೂನ್‌ನಲ್ಲೇ ತುಂಬಿತು. ಮುಂದಿನ ಮಳೆ ಯಾವ ಬಗೆಯದು ಎಂದು ಜುಲೈನಲ್ಲಿ ನಿಂತು ಹೇಳುವುದು ಕಷ್ಟ. ಇದರ ಮೇಲೆ ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಳೆದು ಕೊಡಬೇಕು, ಆಗಸ್ಟ್ ಒಂದರಲ್ಲೇ 45.95.

ನಮ್ಮ ಅಭಿಪ್ರಾಯ ಇಷ್ಟು: ವರ್ಷಪೂರ್ತಿ ಜಾಗ ಖಾಲಿ ಇಡುವುದು ತಪ್ಪು. ಆದರೆ ಜಲಾಶಯ 120 ದಾಟಿ, ಹಾರಂಗಿ, ಹೇಮಾವತಿ ಎರಡೂ ತುಂಬಿ, ಕೊಡಗಿಗೆ ಭಾರಿ ಮಳೆಯ ಮುನ್ಸೂಚನೆ ಇರುವಾಗ 124.80ಕ್ಕಾಗಿ ಕಾಯುವುದೂ ತಪ್ಪು. ಈ ಮೂರೂ ಕೂಡಿದಾಗ ಒಂದು ದಿನ ಮುಂಚೆ 25–30 ಸಾವಿರ ಕ್ಯೂಸೆಕ್ ಬಿಡುತ್ತಾ ಹೋದರೆ ಕಳೆದುಕೊಳ್ಳುವ ನೀರು ಮತ್ತೆ ಬಂದೇ ಬರುತ್ತದೆ. ದಂಡೆಯವರಿಗೆ ಸಾಮಾನು ಎತ್ತಿಡಲು ಹಗಲು ಸಿಗುತ್ತದೆ. ತುಂಬಿದ ಅಣೆಕಟ್ಟೆಗೆ ಬಾಗಿನ ಬಿಡುವ ಸಂಭ್ರಮ ದೊಡ್ಡದೇ, ಆದರೆ ಅದಕ್ಕಾಗಿ ಕೊನೆಯ ಅರ್ಧ ಅಡಿಯನ್ನು ಹಿಡಿದಿಡಬಾರದು.

ಹಾರಂಗಿ, ಹೇಮಾವತಿಗಳನ್ನು ಸುಮ್ಮನೆ ಹೆಸರಿಸಿಲ್ಲ. ಹಾರಂಗಿ 8.5 ಟಿಎಂಸಿ, ಗೊರೂರಿನ ಹೇಮಾವತಿ 37.1 ಟಿಎಂಸಿ. ಅವೆರಡರಲ್ಲಿ ಜಾಗ ಇರುವ ತನಕ ಮೇಲಿನ ಮಳೆಯ ಒಂದು ಪಾಲು ಅಲ್ಲೇ ನಿಲ್ಲುತ್ತದೆ. ಅವು ತುಂಬಿದ ಮೇಲೆ ತಡೆಯಿಲ್ಲ. ಭಾಗಮಂಡಲದಿಂದ ಬರುವ ಮೂಲ ಕಾವೇರಿಗೂ ಲಕ್ಷ್ಮಣತೀರ್ಥಕ್ಕೂ ಮೇಲ್ಗಡೆ ದೊಡ್ಡ ಅಣೆಕಟ್ಟೆಯೇ ಇಲ್ಲ. ಹಾರಂಗಿ, ಹೇಮಾವತಿ ಜಲಾಶಯಗಳೂ ಕೆಆರ್‌ಎಸ್, ಕಬಿನಿಯೂ 2003ರಲ್ಲಿ ಸ್ಥಾಪನೆಯಾದ ಕಾವೇರಿ ನೀರಾವರಿ ನಿಗಮದ ಕೈಯಲ್ಲೇ ಇವೆ. ಆದ್ದರಿಂದ ಒಂದರ ಹೊರಹರಿವನ್ನು ಇನ್ನೊಂದಕ್ಕೆ ಹೊಂದಿಸುವ ಅವಕಾಶ ಅದಕ್ಕಿದೆ. ತಿ. ನರಸೀಪುರ, ತಲಕಾಡು, ಕೊಳ್ಳೇಗಾಲದ ದಂಡೆಯ ಊರುಗಳಿಗೆ ಇದು ಜೀವನ್ಮರಣದ ವಿಷಯ, ಕಾವೇರಿ ಮತ್ತು ಕಪಿಲೆ (ಕಬಿನಿ ಹೊಳೆ) ಎರಡರ ಪ್ರವಾಹವೂ ಕೂಡಿ ಬರುವುದು ಅಲ್ಲಿಗೆ. ಆದರೆ ಕಬಿನಿ 19.52 ಟಿಎಂಸಿಯ ಸಣ್ಣ ಜಲಾಶಯ, ವಯನಾಡಿನ ಒಂದು ಜೋರು ಮಳೆಗೆ ತುಂಬಿಬಿಡುತ್ತದೆ. ತಡೆದು ನಿಲ್ಲಿಸುವ ಕೆಲಸ ಬಹುಪಾಲು ಕೆಆರ್‌ಎಸ್ ಪಾಲಿಗೇ ಬರುತ್ತದೆ.

ಪತ್ರಿಕೆಯಲ್ಲಿ ದಿನಾ ಬರುವ ಜಲಾಶಯದ ಮಟ್ಟದ ಪಟ್ಟಿಯನ್ನು ಓದುವಾಗ ಒಂದು ಎಚ್ಚರಿಕೆ. ಒಳಹರಿವನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಮಟ್ಟ ಎಷ್ಟು ಏರಿತು, ಹೊರಗೆ ಎಷ್ಟು ಹೋಯಿತು ಎಂಬುದರಿಂದ ಲೆಕ್ಕ ಕಟ್ಟುತ್ತಾರೆ. ಗಾಳಿಗೆ ಅಲೆಯೆದ್ದು ಮಾಪನದಲ್ಲಿ ಒಂದಡಿಯ ನೂರನೇ ಒಂದು ಭಾಗ ಹೆಚ್ಚುಕಡಿಮೆಯಾದರೆ ಆ ಒಂದು ಗಂಟೆಯ ಒಳಹರಿವು ಸುಮಾರು 4 ಸಾವಿರ ಕ್ಯೂಸೆಕ್ ಹೆಚ್ಚೋ ಕಡಿಮೆಯೋ ಕಾಣುತ್ತದೆ. ಹಾಗಾಗಿ ಒಂದು ಗಂಟೆಯ ಅಂಕಿ ನೋಡಿ ಗಾಬರಿಯಾಗಬೇಡಿ, ಸಮಾಧಾನವನ್ನೂ ಪಡಬೇಡಿ. ಆರು ಗಂಟೆಯ ಏರಿಕೆ ನೋಡಿ. ಕೆಆರ್‌ಎಸ್ ಅಂಕಿಗಿಂತ ಮೊದಲು ಹಾರಂಗಿ, ಹೇಮಾವತಿಗಳ ಹೊರಹರಿವು ನೋಡುವುದು ಒಳ್ಳೆಯದು, ಸುಳಿವು ಅಲ್ಲಿ ಮುಂಚೆಯೇ ಸಿಗುತ್ತದೆ.

ಗೇಟು ಎತ್ತುವುದು ನಿಗಮದ ಕೆಲಸ. ಜನರನ್ನು ತೆರವು ಮಾಡಿಸುವುದು, ವೆಲ್ಲೆಸ್ಲಿ ಸೇತುವೆ ಮುಚ್ಚಿಸುವುದು, ಸ್ನಾನಘಟ್ಟಗಳಿಗೆ ಕಾವಲು ಹಾಕಿಸುವುದು ಜಿಲ್ಲಾಧಿಕಾರಿ, ತಹಶೀಲ್ದಾರರ ಹೊಣೆ. ಗೇಟು ಎತ್ತಿದ ಕೆಲವೇ ಗಂಟೆಗಳಲ್ಲಿ ನೀರು ಶ್ರೀರಂಗಪಟ್ಟಣದಲ್ಲಿರುತ್ತದೆ. ಡಂಗುರ ಸಾರುವವರು ಬರಲಿ ಎಂದು ಕಾಯುವಷ್ಟು ಹೊತ್ತು ದಂಡೆಯವರಿಗೆ ಇರುವುದಿಲ್ಲ.

ಆದ್ದರಿಂದ ಮುನ್ನೆಚ್ಚರಿಕೆ ಬಂದ ದಿನವೇ ಮೋಟಾರು ಎತ್ತಿ. ಮೊದಲು ಫ್ಯೂಸ್ ತೆಗೆಸಿ, ಆಮೇಲೆ ಬೋಲ್ಟು ಬಿಚ್ಚಿ. ಸ್ಟಾರ್ಟರ್ ಬೋರ್ಡನ್ನು ಹಿಂದಿನ ಪ್ರವಾಹದ ಗುರುತಿಗಿಂತ ಮೇಲೆ ಕೂರಿಸಿ. ಮುಳುಗಿದ ಮೋಟಾರನ್ನು ನೀರು ಇಳಿದ ಕೂಡಲೇ ಚಾಲೂ ಮಾಡಬಾರದು: ಸುರುಳಿ ಒಣಗಿಸಿ, ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರು) ಹಿಡಿದು ಪರೀಕ್ಷಿಸಿ, ಬೇರಿಂಗಿನ ಗ್ರೀಸ್ ಬದಲಿಸಿದ ಮೇಲೆಯೇ. ಫುಟ್‌ವಾಲ್ವಿನಲ್ಲಿ ಹೂಳು ಕೂತಿರುತ್ತದೆ, ಅದನ್ನೂ ಬಿಚ್ಚಿ ತೊಳೆಯಿರಿ.

ಬೆಳೆ ಹೋದರೆ ಪರಿಹಾರಕ್ಕೆ ನಿಗಮದ ಕಚೇರಿಗೆ ಅಲೆಯಬೇಡಿ, ಅದು ಕಂದಾಯ ಇಲಾಖೆಯ ಮೂಲಕ ಬರುವಂಥದ್ದು. ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾಗಿರಬೇಕು. 2025–26ರವರೆಗಿನ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಒಂದೇ ಕಡೆ: ಗದ್ದೆಯಲ್ಲಿ ಭತ್ತ, ಬೆಳೆ ಸಮೀಕ್ಷೆಯ ದಾಖಲೆಯಲ್ಲಿ ಕಬ್ಬು. ಅದನ್ನು ನಾಟಿಯಾದ ತಿಂಗಳೇ ನೋಡಿ ಸರಿಪಡಿಸಿಕೊಳ್ಳಿ. ನೀರು ಇಳಿಯುವ ಮುಂಚೆ ಸರ್ವೆ ನಂಬರಿನ ಗುರುತು ಕಾಣುವಂತೆ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ.