ಕಡಲ ಗಾಳಿಯಲ್ಲಿ ಕನ್ಸೋಲ್: ಬಿಸಿಗಿಂತ ಉಪ್ಪಿನ ಕಾಟವೇ ಜಾಸ್ತಿ

ಜೂನ್ ಕೊನೆಯ ವಾರ. ಹೊರಗೆ ಧೋ ಎಂದು ಮಳೆ. ಕೋಡಿಬಾಗದ ಕಡೆಯಿಂದ ತಾಯಿ, ಮಗ ಇಬ್ಬರೂ ಕಾರವಾರದ ನನ್ನ ರಿಪೇರಿ ಅಂಗಡಿಗೆ ಬಂದರು. ಮಗನ ಕೈಯಲ್ಲಿ ದಪ್ಪ ಟವೆಲ್ ಸುತ್ತಿದ, ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್. ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದ.

"ಸರ್, ಇದು ಬೈತಖೋಲದ ಬೋಟಿನ ಹಾಗೆ ಸದ್ದು ಮಾಡ್ತದೆ. ಆಮೇಲೆ ತನ್ನಷ್ಟಕ್ಕೇ ಬಂದ್ ಆಗ್ತದೆ. ತಂದು ನಾಲ್ಕು ತಿಂಗಳೂ ಆಗ್ಲಿಲ್ಲ."

ಮನೆಯಲ್ಲಿ ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದೆ. ಟಿವಿ ಕೆಳಗಿನ ಶೋಕೇಸಿನಲ್ಲಂತೆ. ಗಾಜಿನ ಬಾಗಿಲು ಇದೆಯಂತೆ. ಕನ್ಸೋಲಿನ ಮೇಲೆ ತಾಯಿಯೇ ಹೆಣೆದ ಕ್ರೋಶಾ ಬಟ್ಟೆ. "ಧೂಳು ಬೀಳಬಾರ್ದಲ್ಲ ಸರ್, ಅದಕ್ಕೆ ಹೊದೆಸಿಟ್ಟೆ" ಎಂದರು ತಾಯಿ. ಅವರ ಟಿವಿ, ಮಿಕ್ಸಿ, ಹಳೆಯ ಟೇಪ್ ರೆಕಾರ್ಡರ್ ಎಲ್ಲವೂ ಇಂಥ ಬಟ್ಟೆಯ ಕೆಳಗೇ ಬಾಳಿವೆ. ಅವರದೇನು ತಪ್ಪು?

ಕನ್ಸೋಲನ್ನು ನಾನು ಬಿಚ್ಚಲೇ ಇಲ್ಲ. ಮೇಜಿನ ಮೇಲೆ ಇಟ್ಟು ಒಂದು ಗಂಟೆ ಓಡಿಸಿದೆ. ಬೆಕ್ಕು ಮಲಗಿದಷ್ಟು ಸದ್ದು, ಅಷ್ಟೇ.

ದೊಡ್ಡ ಗೇಮ್ ಆಡುವಾಗ ಈಗಿನ ಕನ್ಸೋಲ್ ಸುಮಾರು 200 ವ್ಯಾಟ್ ಕರೆಂಟು ಎಳೆಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಬರುತ್ತದೆ. ಹಳೆಯ 100 ವ್ಯಾಟಿನ ಬಲ್ಬ್ ಎರಡು ಹಚ್ಚಿ ಪೆಟ್ಟಿಗೆಯೊಳಗೆ ಇಟ್ಟ ಹಾಗೆ. ಅದರಲ್ಲೂ ಬಹುಪಾಲು ಬಿಸಿ ಹುಟ್ಟುವುದು ಮೂರು ಚದರ ಸೆಂಟಿಮೀಟರಿನ ಒಂದು ಚಿಪ್‌ನಲ್ಲಿ. ಇಸ್ತ್ರಿ ಪೆಟ್ಟಿಗೆಗೆ ಹೋಲಿಸಿ ನೋಡಿ. 1000 ವ್ಯಾಟಿನ ಇಸ್ತ್ರಿಯ ತಳ ಸುಮಾರು 200 ಚದರ ಸೆಂಟಿಮೀಟರ್. ಅಂದರೆ ಚದರ ಸೆಂಟಿಮೀಟರಿಗೆ 5 ವ್ಯಾಟ್. ಚಿಪ್‌ನಲ್ಲಿ ಅದರ ಹತ್ತು ಪಟ್ಟು. ಇಸ್ತ್ರಿ ಬಿಸಿಯಾಗಲೇಬೇಕು, ಚಿಪ್ ಬಿಸಿಯಾಗಲೇಬಾರದು.

ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ಬಿಸಿ ಸಾಗಿಸಲಿಕ್ಕೆ ಕದ್ರಾ ಜಲಾಶಯದ ನೀರಿದೆ. ಕನ್ಸೋಲಿಗೆ ಇರುವುದು ನಿಮ್ಮ ಕೋಣೆಯ ಗಾಳಿ ಮಾತ್ರ. ಈ 200 ವ್ಯಾಟನ್ನು ಹೊತ್ತ ಗಾಳಿ ಬರೀ 10 ಡಿಗ್ರಿ ಬಿಸಿಯಾಗಿ ಹೊರಬರಬೇಕಾದರೆ ಸೆಕೆಂಡಿಗೆ ಸುಮಾರು 17 ಲೀಟರ್ ಗಾಳಿ ಬೇಕು. ಬಚ್ಚಲುಮನೆಯ ಒಂದು ಬಕೆಟ್ ತುಂಬ ಗಾಳಿ, ಪ್ರತಿ ಸೆಕೆಂಡಿಗೆ. ಶೋಕೇಸಿನ ಖಾನೆಯಲ್ಲಿ 100 ಲೀಟರ್ ಗಾಳಿ ಇದೆ ಎಂದುಕೊಳ್ಳಿ. ಆರು ಸೆಕೆಂಡಿಗೆ ಅದೆಲ್ಲ ಮುಗಿಯಿತು. ಏಳನೆಯ ಸೆಕೆಂಡಿನಿಂದ ಯಂತ್ರ ತಾನು ಬಿಟ್ಟ ಬಿಸಿ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಈಗ ಒಳಗೆ ಏನಿದೆ ನೋಡೋಣ. ಸೋನಿ ಕಂಪನಿಯ ಕನ್ಸೋಲ್ ಪ್ಲೇಸ್ಟೇಷನ್ 5 ಹೊರಬಂದದ್ದು 2020ರ ನವೆಂಬರ್‌ನಲ್ಲಿ, ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು. ಬಂದಾಗ ಎಲ್ಲರೂ ನಕ್ಕದ್ದು ಅದರ ಗಾತ್ರಕ್ಕೆ. ನಾಲ್ಕೂವರೆ ಕೆಜಿ! ಬಿಡುಗಡೆಗೆ ಒಂದು ತಿಂಗಳು ಮೊದಲು ಸೋನಿಯೇ ಅದನ್ನು ಬಿಚ್ಚಿ ತೋರಿಸುವ ವಿಡಿಯೋ ಹಾಕಿತು. ಅದರ ಯಾಂತ್ರಿಕ ವಿನ್ಯಾಸ ನೋಡಿಕೊಂಡ ಯಸುಹಿರೊ ಓಟೊರಿ ಒಂದೊಂದೇ ಸ್ಕ್ರೂ ತೆಗೆಯುತ್ತ ಹೋದರು. ಆಗ ಗೊತ್ತಾಯಿತು, ಪೆಟ್ಟಿಗೆಯ ಹೆಚ್ಚಿನ ಜಾಗವನ್ನು ಹೀಟ್ ಸಿಂಕ್ (ಚಿಪ್ಪಿನ ಬಿಸಿಯನ್ನು ಗಾಳಿಗೆ ಬಿಡುವ ಲೋಹದ ರೆಕ್ಕೆಗಳ ಕಟ್ಟು) ಮತ್ತು ಫ್ಯಾನ್ ತಿಂದಿವೆ ಎಂದು. ಫ್ಯಾನ್ 120 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ದಪ್ಪ. ಎರಡೂ ಕಡೆಯಿಂದ ಗಾಳಿ ಎಳೆಯುತ್ತದೆ.

ಇಷ್ಟು ದೊಡ್ಡ ಫ್ಯಾನ್ ಯಾಕೆ? ಸದ್ದಿನ ಲೆಕ್ಕ. ಫ್ಯಾನಿನ ವೇಗ ಇಮ್ಮಡಿ ಮಾಡಿದರೆ ಗಾಳಿ ಇಮ್ಮಡಿ ಸಿಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. ನಮ್ಮ ಕಿವಿಗೆ 10 ಡೆಸಿಬಲ್ ಏರಿದರೇ ಸದ್ದು ಎರಡು ಪಟ್ಟಾದಂತೆ ಕೇಳುತ್ತದೆ. ಸಣ್ಣ ಫ್ಯಾನನ್ನು ಜೋರಾಗಿ ತಿರುಗಿಸುವ ಬದಲು ದೊಡ್ಡದನ್ನು ನಿಧಾನ ತಿರುಗಿಸಿದರೆ ಗೆದ್ದ ಹಾಗೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ ಇದೇ ದಾರಿ ಹಿಡಿದಿದೆ. ಅದರಲ್ಲಿ ಚಿಪ್ ಕೂರಿಸುವ ಬೋರ್ಡನ್ನೇ ಎರಡು ಭಾಗ ಮಾಡಿ ನಡುವಿನ ಚೌಕಟ್ಟಿನ ಎರಡೂ ಬದಿಗೆ ನಿಲ್ಲಿಸಿದ್ದಾರೆ. ತಲೆಯ ಮೇಲಿನ ಒಂದೇ 130 ಮಿಲಿಮೀಟರ್ ಫ್ಯಾನ್ ಕೆಳಗಿನಿಂದ ಗಾಳಿ ಎಳೆದು ಮೇಲಕ್ಕೆ ಬಿಡುತ್ತದೆ. ಹಳ್ಳಿಮನೆಯ ಒಲೆಯ ಚಿಮಣಿಯ ಹಾಗೆ. ನೋಡಲಿಕ್ಕೆ ಚಂದ ಯಾವುದು ಎಂಬ ಜಗಳ ನನಗೆ ಬೇಡ. ರಿಪೇರಿಯವನ ಕಣ್ಣಿಗೆ ಆ ಚಿಮಣಿಯೇ ಹಿಡಿಸಿತು.

ಚಿಪ್‌ನಿಂದ ಬಿಸಿಯನ್ನು ರೆಕ್ಕೆಗಳಂಥ ಅಲ್ಯೂಮಿನಿಯಂ ಹಾಳೆಗಳಿಗೆ ಮುಟ್ಟಿಸುವುದು ಹೀಟ್ ಪೈಪ್. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಮೈಯಲ್ಲಿ ಹನಿ ಕಟ್ಟಿರುತ್ತದಲ್ವಾ? ಕೆಳಗೆ ಆವಿಯಾದ ನೀರು ಮೇಲೆ ಹೋಗಿ, ತನ್ನ ಬಿಸಿಯನ್ನು ಮುಚ್ಚಳಕ್ಕೆ ಕೊಟ್ಟು, ಮತ್ತೆ ನೀರಾಯಿತು. ಹೀಟ್ ಪೈಪ್ ಒಳಗೂ ಅದೇ ಕೆಲಸ. ತಾಮ್ರದ ಕೊಳವೆಯೊಳಗಿನ ಗಾಳಿ ತೆಗೆದು ಒಂದಿಷ್ಟೇ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು 40–50 ಡಿಗ್ರಿಗೇ ಕುದಿಯುತ್ತದೆ. ಒಂದು ಗ್ರಾಂ ನೀರನ್ನು 10 ಡಿಗ್ರಿ ಬಿಸಿ ಮಾಡಲಿಕ್ಕೆ 42 ಜೂಲ್ ಸಾಕು. ಅದೇ ಒಂದು ಗ್ರಾಂ ಆವಿಯಾಗುವಾಗ 2,000 ಜೂಲಿಗಿಂತ ಜಾಸ್ತಿ ನುಂಗುತ್ತದೆ. ಹಾಗಾಗಿ ಚಮಚದಷ್ಟು ನೀರೂ ಬೇಡ, ಕೆಲಸ ನಡೆಯುತ್ತದೆ. ತಣ್ಣಗಾದ ನೀರು ಕೊಳವೆಯ ಒಳಗೋಡೆಯ ಬತ್ತಿಯಂಥ ಪದರದಲ್ಲಿ ಇಳಿದು ವಾಪಸು ಬರುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆಯೇ. ಎಕ್ಸ್‌ಬಾಕ್ಸಿನಲ್ಲಿ ಇದನ್ನೇ ಚಪ್ಪಟೆ ಮಾಡಿ ಆವಿ ಕೋಣೆ ಮಾಡಿದ್ದಾರೆ.

ಇನ್ನು ಚಿಪ್ ಮತ್ತು ಹೀಟ್ ಸಿಂಕ್ ನಡುವಿನ ಕೂದಲೆಳೆಯಷ್ಟು ಸಂದಿ. ಸಾಮಾನ್ಯವಾಗಿ ಅಲ್ಲಿ ಬಿಸಿ ದಾಟಿಸುವ ಬೂದು ಬಣ್ಣದ ಪೇಸ್ಟ್ ಇರುತ್ತದೆ. ಪ್ಲೇಸ್ಟೇಷನ್ 5ರಲ್ಲಿ ಇರುವುದು ದ್ರವ ಲೋಹ. ಇಂಥ ದ್ರವ ಲೋಹದ ಮುಖ್ಯ ಭಾಗ ಗ್ಯಾಲಿಯಂ, ಸುಮಾರು 30 ಡಿಗ್ರಿಗೇ ಕರಗುವ ಲೋಹ. ಬೇರೆ ಲೋಹ ಬೆರೆಸಿದರೆ ಕೋಣೆಯ ತಂಪಿನಲ್ಲೂ ನೀರಾಗಿಯೇ ಇರುತ್ತದೆ. ಪೇಸ್ಟಿಗಿಂತ ಹಲವು ಪಟ್ಟು ಚೆನ್ನಾಗಿ ಬಿಸಿ ದಾಟಿಸುತ್ತದೆ. ಆದರೆ ಎರಡು ಕೆಟ್ಟ ಚಾಳಿಗಳಿವೆ. ಕರೆಂಟು ಹರಿಯಲು ಬಿಡುತ್ತದೆ, ಅಲ್ಯೂಮಿನಿಯಂ ಮುಟ್ಟಿದರೆ ಅದನ್ನು ತಿಂದು ಪುಡಿ ಮಾಡುತ್ತದೆ. ಅದಕ್ಕೇ ಚಿಪ್ ಸುತ್ತ ಅದು ಆಚೆ ಹೋಗದಂತೆ ಕಟ್ಟೆ ಕಟ್ಟಿರುತ್ತಾರೆ. ಇದರ ತಯಾರಿಗೇ ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು ಎಂದು ಆ ವಿಡಿಯೋದಲ್ಲೇ ಓಟೊರಿ ಹೇಳಿದ್ದಾರೆ.

ಎರಡು ವರ್ಷದ ಆ ಕೆಲಸವನ್ನು ಹತ್ತು ನಿಮಿಷದಲ್ಲಿ ಹಾಳು ಮಾಡಿದ್ದನ್ನು ನಾನು ಕಂಡಿದ್ದೇನೆ. ಯಾರೋ "ಪೇಸ್ಟ್ ಬದಲಾಯಿಸ್ತೇನೆ" ಎಂದು ಬಿಚ್ಚಿ, ಬೆಳ್ಳಿಯ ಹಾಗೆ ಹೊಳೆಯುವುದನ್ನು ಬಟ್ಟೆಯಲ್ಲಿ ಒರೆಸಿ, ಮಾಮೂಲಿ ಪೇಸ್ಟ್ ಬಳಿದಿದ್ದರು. ಒರೆಸುವಾಗ ಸಾಸಿವೆಗಿಂತ ಸಣ್ಣ ಎರಡು ಹನಿ ಪಕ್ಕದ ಪುಟ್ಟ ಬಿಡಿಭಾಗಗಳಾದ ಕೆಪ್ಯಾಸಿಟರ್‌ಗಳ ಮೇಲೆ ಕೂತಿತ್ತು. ಆನ್ ಮಾಡಿದ ಕೂಡಲೇ ಶಾರ್ಟ್. ಬೋರ್ಡ್ ಉಳಿಯಲಿಲ್ಲ. ವಾರಂಟಿ ಇರುವಾಗಲಂತೂ ಹೀಟ್ ಸಿಂಕ್ ಬಿಚ್ಚುವ ಮಾತೇ ಬೇಡ. ವಾರಂಟಿ ಮುಗಿದ ಮೇಲೂ ದ್ರವ ಲೋಹ ಹಾಕಿ ಗೊತ್ತಿರುವವರ ಹತ್ತಿರವೇ ಹೋಗಿ.

ಬಿಸಿ ಎಂದರೆ ಕಂಪನಿಗಳಿಗೆ ಇರುವ ಹೆದರಿಕೆಗೆ ಹಿನ್ನೆಲೆಯೂ ಇದೆ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ರಲ್ಲಿ ಕೆಂಪು ದೀಪದ ಉಂಗುರ ಹೊತ್ತಿ ಸತ್ತುಹೋಗುವ ರೋಗ ಕಾಣಿಸಿಕೊಂಡಿತು. ಬಿಸಿಯಾಗುತ್ತ, ತಣಿಯುತ್ತ, ಮತ್ತೆ ಬಿಸಿಯಾಗುತ್ತ ಚಿಪ್ ಕಡೆಯ ಬೆಸುಗೆಗಳು ಬಿರುಕು ಬಿಟ್ಟವು. ವಾರಂಟಿ ವಿಸ್ತರಿಸಲಿಕ್ಕೆ 2007ರಲ್ಲಿ ಮೈಕ್ರೋಸಾಫ್ಟ್ ನೂರು ಕೋಟಿ ಡಾಲರಿಗೂ ಜಾಸ್ತಿ ಎತ್ತಿಡಬೇಕಾಯಿತು.

ನಮ್ಮ ಊರಿನವರು ನನ್ನನ್ನು ಕೇಳುವ ದೊಡ್ಡ ಪ್ರಶ್ನೆ ಬೇರೆ. "ಕಾರವಾರದ ಸೆಕೆಗೆ ಗೇಮ್ ಸ್ಲೋ ಆಗ್ತದಾ?" ಪ್ಲೇಸ್ಟೇಷನ್ 5ರ ಮಟ್ಟಿಗೆ ಉತ್ತರ: ಇಲ್ಲ. ಅದರ ಮುಖ್ಯ ವಿನ್ಯಾಸಕಾರ ಮಾರ್ಕ್ ಸೆರ್ನಿ 2020ರ ಮಾರ್ಚ್‌ನಲ್ಲೇ ಇದನ್ನು ವಿವರಿಸಿದ್ದರು. ಚಿಪ್‌ನ ವೇಗವನ್ನು ಅದರ ಬಿಸಿ ನೋಡಿ ಏರಿಸಿ ಇಳಿಸುವುದಿಲ್ಲ, ಅದು ಮಾಡುತ್ತಿರುವ ಕೆಲಸ ನೋಡಿ ನಿರ್ಧರಿಸುತ್ತಾರೆ. ಚಳಿ ಊರಿನ ಯಂತ್ರವೂ ಕಾರವಾರದ ಯಂತ್ರವೂ ಒಂದೇ ವೇಗದಲ್ಲಿ ಓಡಬೇಕು ಎಂಬುದೇ ಉದ್ದೇಶ. ಕೋಣೆ 22 ಡಿಗ್ರಿಯಿಂದ 33ಕ್ಕೆ ಹೋದರೆ ಫ್ಯಾನ್ ಮಾತ್ರ ಜಾಸ್ತಿ ದುಡಿಯುತ್ತದೆ. ತೀರಾ ಆಗದಿದ್ದರೆ ಎಚ್ಚರಿಕೆ ಕೊಟ್ಟು ಬಂದ್ ಆಗುತ್ತದೆ. 35 ಡಿಗ್ರಿ ತನಕ ಬಳಸಬಹುದು ಎಂದು ಕೈಪಿಡಿಯಲ್ಲೇ ಇದೆ. ನಮ್ಮ ಏಪ್ರಿಲ್, ಮೇ ಮಧ್ಯಾಹ್ನ ಆ ಗೆರೆಯ ಹತ್ತಿರ ಹೋಗುತ್ತದೆ ನಿಜ. ಗೋಡೆಯಿಂದ 10 ಸೆಂಟಿಮೀಟರ್ ದೂರ, ತೆರೆದ ಜಾಗದಲ್ಲಿ ಇಟ್ಟರೆ ಸುಧಾರಿಸಿಕೊಳ್ಳುತ್ತದೆ.

ನಮಗೆ ಸೆಕೆ ಜಾಸ್ತಿ ಅನಿಸುವುದು ಬೆವರು ಆರದೇ ಇರುವುದಕ್ಕೆ. ಕನ್ಸೋಲ್ ಬೆವರುವುದಿಲ್ಲ. ಗಾಳಿಯ ತೇವದಿಂದ ಅದರ ತಂಪಿಗೆ ತೊಂದರೆ ಇಲ್ಲ. ತೊಂದರೆ ಬರುವುದು ಗಾಳಿಯ ಜೊತೆ ಬರುವ ಉಪ್ಪಿನಿಂದ.

ದೊಡ್ಡ ಬೋಟಿನ ಎಂಜಿನ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸಮುದ್ರದ ನೀರನ್ನು ಎಂಜಿನ್ನಿನ ಹೊಟ್ಟೆಗೆ ನೇರವಾಗಿ ಬಿಡುವುದಿಲ್ಲ. ಒಳಗೆ ಸುತ್ತುವುದು ಸಿಹಿನೀರು. ಆ ಸಿಹಿನೀರನ್ನು ತಣಿಸುವುದಷ್ಟೇ ಉಪ್ಪುನೀರಿನ ಕೆಲಸ. ಕನ್ಸೋಲಿನಲ್ಲಿ ಇಂಥ ಎರಡು ಸುತ್ತಿನ ಏರ್ಪಾಡು ಇಲ್ಲ. ಟಾಗೋರ್ ಕಡಲತೀರದ ಗಾಳಿ ಕಿಟಕಿಯಿಂದ ಬಂದು ಸೀದಾ ರೆಕ್ಕೆಗಳಿಗೂ ಬೋರ್ಡಿಗೂ ಬಡಿಯುತ್ತದೆ.

ಒಣಗಿದ ಉಪ್ಪು ಸುಮ್ನೆ ಕೂತಿರುತ್ತದೆ. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಅದು ತೇವ ಹೀರಿ ತಾನೇ ನೀರಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒಸರುವುದು ಇದೇ ಕಾರಣಕ್ಕೆ. ಆ ಉಪ್ಪುನೀರು ಬೋರ್ಡಿನ ಮೇಲೆ ಒಸರಿದರೆ ಎರಡು ತಾಮ್ರದ ಗೆರೆಗಳ ನಡುವೆ ಕಳ್ಳದಾರಿಯಾಯಿತು. ಹಸಿರು ಕಿಲುಬು ಶುರು. ನನ್ನಲ್ಲಿಗೆ ಬರುವ ಕಡಲ ಬದಿಯ ಯಂತ್ರಗಳಲ್ಲಿ ಮೊದಲು ಹಾಳಾಗಿರುವುದು ಹೆಚ್ಚಾಗಿ ಟಿವಿಯ ವೈರ್ ಸಿಕ್ಕಿಸುವ ಎಚ್‌ಡಿಎಂಐ ಪೋರ್ಟ್.

ಜನ ನಂಬದ ಮಾತು ಇಲ್ಲಿದೆ. ಆಡುವಾಗ ಯಂತ್ರಕ್ಕೆ ಈ ಅಪಾಯ ಕಡಿಮೆ. 30 ಡಿಗ್ರಿಯ, 90% ತೇವದ ಗಾಳಿ ಒಳಗೆ ಹೋಗಿ 45 ಡಿಗ್ರಿ ಆದರೆ ಅದರ ತೇವಾಂಶ ಸುಮಾರು 40%ಕ್ಕೆ ಇಳಿಯುತ್ತದೆ. ಉಪ್ಪು ಒಣಗಿಯೇ ಇರುತ್ತದೆ. ಬೇಸಿಗೆ ರಜೆಯಲ್ಲಿ ಬಿಡದೆ ಆಡಿ ಉಪ್ಪು ತುಂಬಿಸಿ, ಜೂನ್‌ನಲ್ಲಿ ಶಾಲೆ ಶುರುವಾಯಿತೆಂದು ಮೂಲೆಗಿಟ್ಟರೆ ಆಗ ಅದು ಕರಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ ಎನ್ನುತ್ತೇನೆ. ಕೋಡಿಬಾಗದ ಆ ತಾಯಿಗೂ ಇದನ್ನೇ ಹೇಳಿದೆ. "ಅಯ್ಯೋ ಸರ್, ಇವನೆದುರಿಗೆ ಹೇಳ್ಬಾರದಿತ್ತು" ಎಂದರು. ಕ್ರೋಶಾ ಬಟ್ಟೆಗೂ ಜಾಗ ಇದೆ: ಆಟ ಮುಗಿದು ಯಂತ್ರ ಪೂರ್ತಿ ತಣಿದ ಮೇಲೆ ಹೊದೆಸಬಹುದು.

ಎಸಿ ಇರುವ ಮನೆಯವರಿಗೆ ಇನ್ನೊಂದು ಮಾತು. ಎಸಿ ಓಡುವಷ್ಟು ಹೊತ್ತು ಕನ್ಸೋಲಿಗೆ ಸುಖವೇ. ಆದರೆ 30 ಡಿಗ್ರಿ, 90% ತೇವದ ಗಾಳಿ 28 ಡಿಗ್ರಿಯ ವಸ್ತು ಮುಟ್ಟಿದರೂ ಹನಿ ಕಟ್ಟುತ್ತದೆ. ರಾತ್ರಿಯಿಡೀ 24 ಡಿಗ್ರಿಯಲ್ಲಿ ತಣ್ಣಗೆ ಕೂತ ಯಂತ್ರದ ಎದುರು ಬೆಳಗ್ಗೆ ಕಿಟಕಿ ತೆರೆದರೆ ಒಳಗೂ ಹೊರಗೂ ಇಬ್ಬನಿ. ಆಗ ಒಂದೆರಡು ಗಂಟೆ ಆನ್ ಮಾಡಬೇಡಿ.

2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2ರ ಬಗ್ಗೆಯೂ ಕೆಲವರು ಕೇಳುತ್ತಾರೆ. ಕೈಯಲ್ಲಿ ಹಿಡಿಯುವ ಯಂತ್ರ, ಬಿಸಿ ಕಡಿಮೆ. ಟಿವಿಗೆ ಜೋಡಿಸುವ ಡಾಕ್ ಒಳಗೂ ಈ ಸಲ ಫ್ಯಾನ್ ಇಟ್ಟಿದ್ದಾರೆ. ಡಾಕಿನ ಬೆನ್ನು ಗೋಡೆಗೆ ಒತ್ತದಿದ್ದರೆ ಸಾಕು.

ಘಟ್ಟ ಹತ್ತಿ ಶಿರಸಿ ಕಡೆ ಹೋದರೆ ಉಪ್ಪಿಲ್ಲ, ಕಥೆ ಬೇರೆ. ಅಡಿಕೆ ಬೇಯಿಸುವ ಹೊಗೆ, ಸಿಪ್ಪೆಯ ನಾರಿನ ಧೂಳು ಎರಡೂ ಸೇರಿ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಅಲ್ಲಿಂದ ಬಂದ ಒಬ್ಬರು ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಹೊಡೆಸಿ ತಂದಿದ್ದರು. ಧೂಳು ಹೋಗಿತ್ತು. ಕಂಪ್ರೆಸರ್ ಟ್ಯಾಂಕಿನ ನೀರು, ಎಣ್ಣೆ ಎರಡೂ ಒಳಗೆ ಬಂದಿದ್ದವು!

ಪ್ಲೇಸ್ಟೇಷನ್ 5ರಲ್ಲಿ ಪಕ್ಕದ ಬಿಳಿ ಹಾಳೆ ಸ್ಕ್ರೂ ಇಲ್ಲದೇ ಬಿಚ್ಚುತ್ತದೆ. ಒಳಗೆ ಧೂಳು ಬಂದು ಕೂರಲಿಕ್ಕೆಂದೇ ಮಾಡಿದ ಎರಡು ತೂತುಗಳಿವೆ, ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಆಯಿತು. ಪ್ಲಗ್ ಮೊದಲು ಕಿತ್ತಿಡಿ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಗುರಾಗಿ ಹಿಡಿದುಕೊಳ್ಳಿ, ಗಾಳಿಗೆ ಗಿರ್ರನೆ ತಿರುಗಲು ಬಿಡಬೇಡಿ. ಕರಾವಳಿಯವರು ಚೌತಿಗೆ ಮನೆ ಗುಡಿಸುವಾಗ ಒಮ್ಮೆ, ಮಳೆಗಾಲ ಹಿಡಿಯುವ ಮೊದಲು ಒಮ್ಮೆ ಮಾಡಿ. ಶಿರಸಿಯವರು ಅಡಿಕೆ ಸುಗ್ಗಿ ಮುಗಿದ ವಾರವೇ ಮಾಡುವುದು ಒಳ್ಳೆಯದು, ಅಂಗಳ ತೊಳೆಯುವ ಮೊದಲು.