ಘಾಟಿ ಇಳಿಯುವ ದಿನ ಬ್ಯಾಟರಿ ಪೂರ್ತಿ ತುಂಬಿಸಬೇಡಿ

ಮಡಿಕೇರಿಯ ನಮ್ಮ ವರ್ಕ್‌ಶಾಪಿಗೆ ಕಾಫಿ ಬೆಳೆಗಾರರೊಬ್ಬರು ತಮ್ಮ ಹೊಸ ಎಲೆಕ್ಟ್ರಿಕ್ ಕಾರನ್ನು ತಂದು, ಬ್ರೇಕ್ ಪರೀಕ್ಷಿಸುವಂತೆ ಕೇಳಿಕೊಂಡರು. ಊರೊಳಗೆ ಸರಿಯಾಗಿಯೇ ಓಡುವ ಕಾರು, ಬೆಳಿಗ್ಗೆ ಸಂಪಾಜೆ ಘಾಟಿ ಇಳಿಯುವಾಗ ಮಾತ್ರ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ವೇಗ ತಗ್ಗದೆ ಜಾರಿಕೊಂಡು ಹೋಗುತ್ತದೆ ಎಂಬುದು ಅವರ ಆತಂಕವಾಗಿತ್ತು. ಬ್ರೇಕಿನಲ್ಲಿ ದೋಷವಿರಲಿಲ್ಲ. ರಾತ್ರಿಯಿಡೀ ಚಾರ್ಜಿಗಿಟ್ಟು, ಶೇ. 100 ತುಂಬಿದ ಬ್ಯಾಟರಿಯೊಂದಿಗೆ ಅವರು ಮನೆಯಿಂದ ನೇರವಾಗಿ ಘಾಟಿಗೆ ಇಳಿಯುತ್ತಿದ್ದರು.

ಎಲೆಕ್ಟ್ರಿಕ್ ಕಾರಿನಲ್ಲಿ ಕಾಲು ತೆಗೆದ ಕೂಡಲೇ ಮೋಟಾರು ಜನರೇಟರ್ ಆಗಿ ಕೆಲಸ ಮಾಡತೊಡಗುತ್ತದೆ. ಚಕ್ರಗಳ ತಿರುಗುವಿಕೆಯಿಂದ ವಿದ್ಯುತ್ ತಯಾರಿಸಿ ಬ್ಯಾಟರಿಗೆ ಕಳುಹಿಸುವಾಗ ಉಂಟಾಗುವ ಹಿಡಿತವೇ ವಾಹನದ ವೇಗವನ್ನು ತಗ್ಗಿಸುತ್ತದೆ. ತುಂಬಿದ ಬ್ಯಾಟರಿಯಲ್ಲಿ ಆ ವಿದ್ಯುತ್ತಿಗೆ ಜಾಗವಿರುವುದಿಲ್ಲವಾದ್ದರಿಂದ, ಅನೇಕ ಕಾರುಗಳಲ್ಲಿ ಈ ಹಿಡಿತ ತಾನಾಗಿಯೇ ಕಡಿಮೆಯಾಗಿ, ಹೊರೆಯೆಲ್ಲ ಬ್ರೇಕ್ ಪ್ಯಾಡ್‌ಗಳ ಮೇಲೆ ಬೀಳುತ್ತದೆ.

ಈ ನಷ್ಟ ಸಣ್ಣದಲ್ಲ. 1,500 ಕಿಲೋ ತೂಕದ ಕಾರು 1,000 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮ. ಗಾಳಿಯ ತಡೆಗೆ, ಟೈರಿನ ಘರ್ಷಣೆಗೆ ಹೋದದ್ದನ್ನು ಕಳೆದರೂ ಒಂದು ಯೂನಿಟ್ಟಿಗೂ ಹೆಚ್ಚು ಮರಳಿ ಸಿಗಬಲ್ಲದು. ಪೆಟ್ರೋಲ್, ಡೀಸೆಲ್, ಎಥೆನಾಲ್ ಬೆರೆತ ಇ20, ಯಾವುದೇ ಇಂಧನವಿರಲಿ, ಎಂಜಿನ್ ಒಂದನ್ನೇ ನೆಚ್ಚಿದ ಕಾರಿನಲ್ಲಿ ಘಾಟಿ ಹತ್ತಲು ಸುಟ್ಟ ಇಂಧನದ ಶಕ್ತಿ ಇಳಿಯುವಾಗ ಬರಿಯ ಬಿಸಿಯಾಗಿ ಹೋಗುತ್ತದೆ. ಕೊಡಗಿನಂಥ ಏರುತಗ್ಗಿನ ಜಿಲ್ಲೆಗೆ ಎಲೆಕ್ಟ್ರಿಕ್ ಕಾರು ಒಗ್ಗುತ್ತದೆ ಎಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ. ಎಂಜಿನ್ ಜೊತೆಗೆ ಮೋಟಾರೂ ಇರುವ ಹೈಬ್ರಿಡ್ ಕಾರುಗಳಲ್ಲೂ ಇದೇ ವ್ಯವಸ್ಥೆಯಿದೆ, ಆದರೆ ಅವುಗಳ ಬ್ಯಾಟರಿ ಚಿಕ್ಕದಾದ್ದರಿಂದ ಉದ್ದದ ಇಳಿಜಾರಿನಲ್ಲಿ ಅರ್ಧ ದಾರಿಗೇ ತುಂಬಿಬಿಡಬಹುದು. ಅಲ್ಲಿಂದ ಮುಂದೆ ಎಂಜಿನ್ ಬ್ರೇಕಿಂಗ್, ಅಂದರೆ ಎಂಜಿನ್ನಿನ ಹಿಡಿತದಿಂದಲೇ ವೇಗ ತಗ್ಗಿಸುವ ವಿಧಾನ, ಬಳಸಬೇಕಾಗುತ್ತದೆ.

ಆದ್ದರಿಂದ ಮಡಿಕೇರಿಯಿಂದ ಕರಾವಳಿಯ ಕಡೆಗೆ ಹೊರಡುವವರು ಚಾರ್ಜಿಂಗ್ ಮಿತಿಯನ್ನು ಶೇ. 80ರಿಂದ 90ಕ್ಕೆ ನಿಲ್ಲಿಸುವುದು ಒಳ್ಳೆಯದು. ಸುಳ್ಯದಿಂದ ಮೇಲೆ ಬರುವವರ ಲೆಕ್ಕ ಇದಕ್ಕೆ ವಿರುದ್ಧ: ಸಮತಟ್ಟು ರಸ್ತೆಯ ಖರ್ಚಿನ ಜೊತೆಗೆ ಏರಿಗೆಂದೇ ನಾಲ್ಕೈದು ಯೂನಿಟ್ ಹೆಚ್ಚುವರಿಯಾಗಿ ಉಳಿಸಿಕೊಂಡಿರಬೇಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಿಸುವಂತೆ ತಯಾರಕರು ಸೂಚಿಸಿದ್ದರೆ, ಘಾಟಿ ಇಳಿಯುವ ಕೆಲಸವಿಲ್ಲದ ದಿನ ಹಾಗೆ ಮಾಡಿ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದೀತೆಂಬ ಭಯಕ್ಕೆ ಪೂರ್ತಿ ತುಂಬಿಸಿಕೊಂಡು ಹೊರಡಬೇಕಾಗಿ ಬಂದರೆ, ಇಳಿಜಾರಿನ ಆರಂಭದಲ್ಲೇ ವೇಗ ತಗ್ಗಿಸಿಕೊಳ್ಳಿ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಒತ್ತಿ ಬಿಟ್ಟು ಬಳಸಿ.